ಬಡಿಸಬಲ್ಲವನಿಗೆ ಬಸ್ಸು

ನನ್ನ ಸೋದರಮಾವ ಮೂರು ಬಸ್ಸುಗಳ ಧನಿ. ಬಸ್ಸಿನಲ್ಲಿ ಕೂತರೆ ಅವರಿಗೆ ವಾಂತಿ ಬರುತ್ತಿತ್ತು. ಈ ಎರಡು ಮಾತುಗಳನ್ನು ಒಟ್ಟಿಗೆ ನಂಬುವುದು ಕಷ್ಟ. ಆದರೆ ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಆಗುತ್ತಲೇ ಇರಲಿಲ್ಲ ಎಂಬುದು ನನ್ನ ವಾದ. ಯೋಚಿಸಿ ನೋಡಿ! ಬಸ್ಸಿನಲ್ಲಿ ಕೂರಬಲ್ಲ ಧನಿ ಏನು ಮಾಡುತ್ತಾನೆ? ಡ್ರೈವರನ ಬೆನ್ನ ಹಿಂದೆಯೇ ಕೂತು ಬ್ರೇಕು ಎಲ್ಲಿ ಒತ್ತಬೇಕು, ಹಾರ್ನು ಎಲ್ಲಿ ಹೊಡೆಯಬೇಕು ಎಂದು ದಾರಿಯುದ್ದಕ್ಕೂ ಪಾಠ ಹೇಳುತ್ತಾನೆ. ವಾರ ಕಳೆಯುವುದರೊಳಗೆ ಡ್ರೈವರು ಬೇರೆ ಕಂಪೆನಿಯಲ್ಲಿರುತ್ತಾನೆ. ನನ್ನ ಮಾವನಿಗೆ ಪಾಠ ಹೇಳುವ ಆ ಭಾಗ್ಯ ಇರಲಿಲ್ಲ. ಅವರು ಬೆಳುವಾಯಿಯ ಮನೆಯಿಂದ ಮೂಡಬಿದ್ರೆಯ ಬಸ್ ಶೆಡ್ಡಿಗೆ ಸೈಕಲಿನಲ್ಲಿ ಹೋಗುತ್ತಿದ್ದರು. ಅವರದೇ ಬಸ್ಸು ಅವರ ಮೇಲೆ ಧೂಳೆರಚಿ ಮುಂದೆ ಸಾಗುತ್ತಿತ್ತು. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು ನಮಸ್ಕಾರ ಮಾಡುತ್ತಿದ್ದ. ಮಾವ ಹ್ಯಾಂಡಲ್ ಬಿಟ್ಟು ಪ್ರತಿ ನಮಸ್ಕಾರ ಮಾಡಿ ಗದ್ದೆಗೆ ಬೀಳುತ್ತಿದ್ದರು. ದಿನಾ ಬೀಳುತ್ತಿದ್ದರು ಎಂದು ನನ್ನ ನೆನಪು ಹೇಳುತ್ತದೆ. ನನ್ನ ನೆನಪಿಗೆ ಈ ಚಟ ಉಂಟು, ಒಳ್ಳೆಯದೊಂದು ಸಿಕ್ಕಿದರೆ ದಿನಾ ಮಾಡಿಬಿಡುತ್ತದೆ. ಒಮ್ಮೆ ಬಿದ್ದದ್ದು ಮಾತ್ರ ಖಂಡಿತ.

ಬಸ್ಸಿನೊಳಗೆ ಕೂತು ತನ್ನ ಜನರನ್ನು ನೋಡಲಾಗದ ಧನಿ ಅವರನ್ನು ಇನ್ನೆಲ್ಲಿ ನೋಡಬೇಕು? ಮಾವ ಕಂಡುಕೊಂಡ ಜಾಗ ಊಟದ ಪಂಕ್ತಿ.

ಡ್ರೈವರನ ಕೆಲಸ ಕೇಳಿಕೊಂಡು ಯಾರಾದರೂ ಬಂದು ಲೈಸನ್ಸು ತೆಗೆದು ತೋರಿಸಿದರೆ ಮಾವ ಅದರತ್ತ ಕಣ್ಣು ಹಾಯಿಸುತ್ತಿರಲಿಲ್ಲ. "ಅದನ್ನು ಸರಕಾರ ನೋಡಿ ಆಗಿದೆ. ಆದಿತ್ಯವಾರ ತೋಡಾರಿನಲ್ಲಿ ನಮ್ಮ ನೆಂಟರ ಮದುವೆ ಉಂಟು. ಬಡಿಸಲಿಕ್ಕೆ ಬಾ" ಎನ್ನುತ್ತಿದ್ದರು. (ಎಲ್ಲ ಮಾತೂ ತುಳುವಿನಲ್ಲಿ. ಕನ್ನಡಕ್ಕೆ ಇಳಿಸುವಾಗ ಅರ್ಧ ಉಪ್ಪು ಸೋರಿಹೋಗಿದೆ, ಕ್ಷಮಿಸಿ.) ಬಂದವನ ಕೈಗೆ ಬಿಸಿ ಸಾರಿನ ಬಕೆಟ್ಟು ಕೊಟ್ಟು ಮಾವ ಚಪ್ಪರದ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಬಕೆಟ್ಟು ತುಳುಕಬಾರದು. ಎದುರಿನಿಂದ ಪಾಯಸ ಬಂದರೆ ದಾರಿ ಬಿಡಬೇಕು. ಅಡ್ಡ ಓಡುವ ಮಕ್ಕಳನ್ನು ಬೈಯದೆ ತಪ್ಪಿಸಬೇಕು. ಪಂಕ್ತಿಯ ತುದಿಯ ಇಕ್ಕಟ್ಟಿನಲ್ಲಿ ಯಾರ ಎಲೆಯನ್ನೂ ತುಳಿಯದೆ ತಿರುಗಿ ಬರಬೇಕು. ಇಷ್ಟು ಮಾಡಿದವನು ಡ್ರೈವರು. ತುಂಬಿ ತುಳುಕುವ ಪಂಕ್ತಿಯ ಎದುರು ನಿಂತು, "ಸ್ವಲ್ಪ ಒತ್ತಿ ಕೂತುಕೊಳ್ಳಿ, ಇನ್ನೊಂದು ಎಲೆ ಹಾಕುವ" ಎಂದು ಯಾರಿಗೂ ಬೇಸರವಾಗದ ಹಾಗೆ ಇನ್ನಷ್ಟು ಜನರನ್ನು ತುರುಕಿದವನು ಹುಟ್ಟಾ ಕಂಡಕ್ಟರು. ಬಡಿಸುವುದನ್ನು ಬಿಟ್ಟು ಅಡುಗೆಯವರ ಒಲೆ ಯಾಕೆ ಹೊಗೆ ಕಾರುತ್ತದೆ ಎಂದು ಬಗ್ಗಿ ನೋಡುತ್ತಾ ಕೂತವನು ಮೆಕ್ಯಾನಿಕ್ಕು.

ಮಿಲಿಟರಿಯಲ್ಲಿ ಲಾರಿ ಓಡಿಸಿ ಬಂದವನೊಬ್ಬ ಬೀಗರ ಮಡಿಲಿಗೆ ಸಾರು ಹೊಯ್ದ. ಗಡಿಯಲ್ಲಿ ಎಂಥೆಂಥ ರಸ್ತೆಗಳಲ್ಲಿ ಓಡಿಸಿದವನೆಂದು ನಾನು ಅವನ ಪರವಾಗಿ ಮಾತಾಡಿದೆ. ಮಾವ ಬೀಗರ ಪಂಚೆಯನ್ನೇ ನೋಡುತ್ತಾ, "ಇವತ್ತು ಸಾರು. ನಾಳೆ ವೇಣೂರಿನ ಇಳಿಜಾರಿನಲ್ಲಿ ಜನ" ಎಂದರು. ಅಲ್ಲಿಗೆ ಮಿಲಿಟರಿ ಮುಗಿಯಿತು.

ತೊಂದರೆ ಬಂದದ್ದು ಕಂಪೆನಿ ಬೆಳೆಯತೊಡಗಿದಾಗ. ಮೊದಲು ಮೂಡಬಿದ್ರೆಯಿಂದ ಬೆಳ್ತಂಗಡಿಗೆ ಒಂದೇ ಬಸ್ಸು. ಮತ್ತೆ ಮಿಜಾರಿನ ಮೇಲೆ ಮಂಗಳೂರಿಗೆ ಇನ್ನೊಂದು. ಬಸ್ಸುಗಳು ಹೆಚ್ಚುವ ವೇಗದಲ್ಲಿ ನಮ್ಮ ಕುಟುಂಬದಲ್ಲಿ ಮದುವೆಗಳು ಆಗುತ್ತಿರಲಿಲ್ಲ! ಮಾವ ಬಿಡುವವರೆ? ಎಮ್ಮೆಗಳಿಗೆ ಹೊಸತಾಗಿ ಕಟ್ಟಿದ ಹಟ್ಟಿಗೆ ಗೃಹಪ್ರವೇಶ ಇಟ್ಟುಕೊಂಡು ಊರಿಗೆಲ್ಲ ಊಟ ಹಾಕಿದರು. ಎಮ್ಮೆಗಳು ಗಾಬರಿಯಾದವು, ಕಂಪೆನಿಗೊಬ್ಬ ಕಂಡಕ್ಟರು ಸಿಕ್ಕಿದ. ಅದೇ ವರ್ಷ ನನಗೆ ಹುಡುಗಿ ನೋಡಲು ಹೊರಟರು. ನನ್ನ ಪ್ರಾಯ ನೋಡಿ ಹೊರಟದ್ದೋ, ಡ್ರೈವರು ಬೇಕಾಗಿ ಹೊರಟದ್ದೋ, ನನಗೆ ಇವತ್ತಿಗೂ ಖಚಿತವಿಲ್ಲ.

ನಾನು ಆಗ ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿ ಬಂದು ಶೆಡ್ಡಿನ ಮೂಲೆಯಲ್ಲಿ ಒಂದು ಮೇಜು ಹಾಕಿ ಕೂತಿದ್ದೆ. ಬೆಳೆಯುವ ವ್ಯಾಪಾರಕ್ಕೆ ಮೇಲ್ವಿಚಾರಕರು ಬೇಕು, ಶಿಸ್ತಿನ ನಿಯಮ ಬೇಕು, ತಪ್ಪಿದವರಿಗೆ ದಂಡ ಬೇಕು ಎಂದು ಮಾವನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, ಎಲೆಯಡಿಕೆ ಉಗಿದು ಬಂದು, ನನ್ನ ಕಾಲೇಜಿನಲ್ಲಿ ಡ್ರೈವರು ಕಂಡಕ್ಟರು ಜಗಳವಾಡಿದರೆ ಏನು ಮಾಡಬೇಕೆಂದು ಹೇಳಿದ್ದಾರಾ ಎಂದು ವಿಚಾರಿಸಿದರು. ಹೇಳಿರಲಿಲ್ಲ.

ಮಾವನ ಬಳಿ ಅದಕ್ಕೆ ಮದ್ದಿತ್ತು. ಜಗಳವಾಡಿದ ಇಬ್ಬರನ್ನೂ ಬೆಳುವಾಯಿಯ ಮನೆಗೆ ಕರೆಸಿ, ಒರಳಿನಲ್ಲಿ ಭತ್ತ ಸುರಿದು, ಇಬ್ಬರ ಕೈಗೂ ಒಂದೊಂದು ಒನಕೆ ಕೊಡುವುದು. ಒರಳು ಒಂದು, ಒನಕೆ ಎರಡು. ಒಬ್ಬನದು ಏಳುವಾಗ ಇನ್ನೊಬ್ಬನದು ಇಳಿಯಬೇಕು. ತಾಳ ತಪ್ಪಿದರೆ ಒನಕೆಗೆ ಒನಕೆ ಬಡಿದು ಭುಜದವರೆಗೂ ಜುಮ್ಮೆನ್ನುತ್ತದೆ. ಹೆಂಗಸರ ಕೆಲಸ ಎಂಬ ನಾಚಿಕೆ ಬೇರೆ! ಮೊದಲು ಇಬ್ಬರೂ ಮುಖ ತಿರುಗಿಸಿಕೊಂಡೇ ಕುಟ್ಟುತ್ತಿದ್ದರು. ಆದರೆ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಕುಟ್ಟಲಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬನ ಉಸಿರನ್ನು ಇನ್ನೊಬ್ಬ ಗಮನಿಸಲೇಬೇಕು. ಭತ್ತ ಅಕ್ಕಿಯಾಗುವಷ್ಟರಲ್ಲಿ ಬೈಗುಳ ನಿಂತು, ಒನಕೆ ಕೊಟ್ಟವರನ್ನು ಇಬ್ಬರೂ ಒಟ್ಟಾಗಿ ಶಪಿಸುವಷ್ಟು ಐಕಮತ್ಯ ಬಂದಿರುತ್ತಿತ್ತು. ಈ ಪದ್ಧತಿಯಿಂದ ಹೆಚ್ಚು ಲಾಭವಾದದ್ದು ನನ್ನ ಅಜ್ಜಿಗೆ, ಅಂದರೆ ಮಾವನ ತಾಯಿಗೆ. ಕಂಪೆನಿಯಲ್ಲಿ ಬಹಳ ದಿನ ಶಾಂತಿ ನೆಲೆಸಿದರೆ ಅವರು ಮಗನನ್ನು ಕರೆದು, "ಅಕ್ಕಿ ಮುಗಿಯಿತು. ಯಾರಿಗಾದರೂ ಜಗಳ ಹಚ್ಚು" ಎನ್ನುತ್ತಿದ್ದರು.

ಇನ್ನೊಂದು ಪದ್ಧತಿ ಆದಿತ್ಯವಾರದ ಗಂಜಿ. ಮೊದಲ ಬಸ್ಸು ಹೊರಡುವ ಮುಂಚೆ, ಬೆಳಿಗ್ಗೆ, ಶೆಡ್ಡಿನಲ್ಲಿ ಎಲ್ಲರಿಗೂ ಬಿಸಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಆ ದಿನ ಡ್ರೈವರು ಕ್ಲೀನರನಿಗೆ ಬಡಿಸಬೇಕು, ಬಿ.ಕಾಂ. ಆದವನು ಎಲ್ಲರಿಗೂ ಬಡಿಸಬೇಕು. ಮಾವ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ನೋಡುತ್ತಿದ್ದರು. ಈಗ ಇದನ್ನೆಲ್ಲ ನಾಯಕತ್ವ, ತಂಡ ಕಟ್ಟುವುದು ಎಂದು ಕರೆದು ದೊಡ್ಡ ಹೋಟೆಲುಗಳಲ್ಲಿ ತಣ್ಣಗಿನ ಕೋಣೆಯಲ್ಲಿ ಕಲಿಸುತ್ತಾರಂತೆ. ಒರಳು ಇಟ್ಟಿದ್ದಾರೋ ಇಲ್ಲವೋ ಗೊತ್ತಿಲ್ಲ.

ಮೂರನೆಯ ಬಸ್ಸಿಗೆ ಸಿದ್ದಕಟ್ಟೆಯ ಮೇಲೆ ಬಂಟ್ವಾಳದ ರೂಟು ಸಿಕ್ಕಿತು. ತಿಂಗಳೊಳಗೆ ಓಡಿಸದಿದ್ದರೆ ಪರ್ಮಿಟ್ಟು ಬೇರೆಯವರ ಪಾಲು. ಬಸ್ಸು ಬಣ್ಣ ಬಳಿದುಕೊಂಡು ಶೆಡ್ಡಿನಲ್ಲಿ ನಿಂತಿತ್ತು, ಡ್ರೈವರು ಮಾತ್ರ ಇಲ್ಲ. ಆಗ ಬಂಟ್ವಾಳದಿಂದ ಅಬ್ಬಾಸಾಕ ಬಂದರು. ನಡುಪ್ರಾಯದ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು. ಕೆಲಸ ಮಾಡುತ್ತಿದ್ದ ಕಂಪೆನಿ ಮುಚ್ಚಿತ್ತು, ಮನೆಯಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು, ಕೆಲಸ ಬೇಕೇ ಬೇಕಿತ್ತು. ಬಸ್ಸನ್ನು ಶೆಡ್ಡಿನಿಂದ ಹಿಂದಕ್ಕೆ ತೆಗೆದು ಪೇಟೆಗೊಂದು ಸುತ್ತು ಹಾಕಿ ತಂದು ನಿಲ್ಲಿಸಿದರು. ಬಾನೆಟ್ಟಿನ ಮೇಲೆ ಮಲಗಿದ್ದ ಬೆಕ್ಕು ಎದ್ದಿರಲಿಲ್ಲ. (ಬೆಕ್ಕನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ಅಷ್ಟು ಚೆನ್ನಾಗಿ ಓಡಿಸಿದರು ಎಂದು ತಿಳಿಯಿರಿ.)

ಮಾವ ಮೆಚ್ಚಿದರು, ಕೆಲಸ ಕೊಡಲಿಲ್ಲ. ಬಡಿಸದವನನ್ನು ನಂಬುವುದು ಹೇಗೆ? ಆ ವಾರ ನಮ್ಮ ಮನೆಯಲ್ಲೇ ನನ್ನ ತಂಗಿಯ ಸೀಮಂತ. ಅಬ್ಬಾಸಾಕ ಬಡಿಸಲಿ ಎಂದು ಮಾವ ಹೇಳಿದಾಗ ಅಜ್ಜಿ ಕಡೆಯುತ್ತಿದ್ದ ಮಜ್ಜಿಗೆ ನಿಲ್ಲಿಸಿದರು. ನೆಂಟರು ಎಲೆ ಬಿಟ್ಟು ಎದ್ದರೆ ಆ ಹುಡುಗಿಯ ಮುಖ ಯಾರು ನೋಡಬೇಕು ಎಂದು ಕೇಳಿದರು, ಅಷ್ಟೆ. ನಮ್ಮಲ್ಲಿ ಮನೆತನ ತಾಯಿಯ ಕಡೆಯಿಂದ. ಮಾವ ಯಜಮಾನರು, ಮಾತು ಅಜ್ಜಿಯದು. ಅಬ್ಬಾಸಾಕ ಬಡಿಸುವ ವಿಚಾರ ಅಲ್ಲಿಗೇ ನಿಂತಿತು. ಈ ಜಾಗವನ್ನು ನಗು ಬರುವ ಹಾಗೆ ಬರೆಯಲು ಎರಡು ಮೂರು ಸಲ ನೋಡಿದೆ, ಬರಲಿಲ್ಲ. ಹಾಗೆಯೇ ಬಿಡುತ್ತೇನೆ.

ಗಂಜಿ ಬಡಿಸಿ ತೋರಿಸಲಿ ಎಂದು ನಾನು ಹೇಳಿ ನೋಡಿದೆ. "ಗಂಜಿ ಪ್ರೈಮರಿ. ಮದುವೆ ಊಟ ಮೆಟ್ರಿಕ್" ಎಂದರು ಮಾವ. ಪರ್ಮಿಟ್ಟಿನ ತಿಂಗಳು ಕರಗುತ್ತಿತ್ತು. ಕೊನೆಗೆ ದಾರಿ ತೋರಿಸಿದವರು ಅಬ್ಬಾಸಾಕನೇ.

"ನಿಮ್ಮಲ್ಲಿ ಬಡಿಸಲಿಕ್ಕೆ ಆಗದಿದ್ದರೆ ಬೇಡ ಧನಿಗಳೇ. ಶುಕ್ರವಾರ ತಂಗಿಯ ಮದುವೆ. ನೀವು ಬನ್ನಿ. ನಮ್ಮಲ್ಲಿ ಬಡಿಸ್ತೇನೆ, ನೋಡಿ."

ಮಾವ ಒಪ್ಪಿದರು. ಅಲ್ಲಿ ಉಣ್ಣಬೇಡ ಎಂದು ಅಜ್ಜಿ ಹೇಳಲಿಲ್ಲ. ಎಲ್ಲಿಗೆ ಹೋಗುತ್ತೇವೆಂದು ಮಾವ ಹೇಳಿದ್ದರೆ ತಾನೆ!

ಬಂಟ್ವಾಳದವರೆಗೆ ಸೈಕಲು ತುಳಿಯುವ ಪ್ರಾಯ ಮಾವನದಲ್ಲ. ಇನ್ನೊಬ್ಬರ ಬಸ್ಸಿನಲ್ಲಿ, ಮೂಗಿಗೆ ಲಿಂಬೆಹುಳಿ ಹಿಡಿದುಕೊಂಡು ಹೊರಟರು. ಸಿದ್ದಕಟ್ಟೆ ಬರುವ ಮೊದಲೇ ಲಿಂಬೆಹುಳಿ ಸೋತಿತು. ಆ ಬಸ್ಸಿನ ಕಂಡಕ್ಟರು ಕನಿಕರದಿಂದ, ಇವರು ಬಸ್ಸು ಹತ್ತುವುದು ಇದೇ ಮೊದಲ ಸಲವಾ ಎಂದು ನನ್ನನ್ನು ಕೇಳಿದ. ಇವರಿಗೆ ಮೂರು ಬಸ್ಸು ಉಂಟು ಎಂದೆ. ಅವನು ಮತ್ತೆ ಬಂಟ್ವಾಳದವರೆಗೂ ನಮ್ಮ ಸೀಟಿನ ಹತ್ತಿರ ಸುಳಿಯಲಿಲ್ಲ.

ಮದುವೆಮನೆಯಲ್ಲಿ ಅಬ್ಬಾಸಾಕ ಅಂಗಿಯ ತೋಳು ಮಡಚಿ, ಪರೀಕ್ಷೆಗೆ ಬಂದ ಹುಡುಗರ ಮುಖ ಮಾಡಿಕೊಂಡು ನಿಂತಿದ್ದರು. ಮಾವ ಒರಗಲು ಒಂದು ಕಂಬ ಹುಡುಕಿಕೊಂಡರು. ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು: ಅಲ್ಲಿ ಪಂಕ್ತಿಯೇ ಇಲ್ಲ! ಎಲೆಯಿಲ್ಲ, ಸಾರಿನ ಬಕೆಟ್ಟಿಲ್ಲ. ಚಾಪೆಯ ಮೇಲೆ ಅಲ್ಲಲ್ಲಿ ದೊಡ್ಡ ದೊಡ್ಡ ಹರಿವಾಣ, ಅದರಲ್ಲಿ ತುಪ್ಪದನ್ನ, ಆಡಿನ ಮಾಂಸ. ಒಂದೊಂದರ ಸುತ್ತ ನಾಲ್ಕು ಜನ ಕೂತು ಒಂದೇ ಹರಿವಾಣದಿಂದ ಉಣ್ಣುವುದು. ಹುಟ್ಟಿದಂದಿನಿಂದ ಹಾಗೆಯೇ ಉಂಡ ಅಬ್ಬಾಸಾಕನಿಗೆ, ಬಡಿಸಿ ತೋರಿಸುತ್ತೇನೆ ಎಂದು ಹೇಳುವಾಗ ಅದು ನೆನಪೇ ಆಗಿರಲಿಲ್ಲ. ಕೆಲಸ ಬೇಕೆಂಬ ಅವಸರ ಅಂಥದು.

ಹರಿವಾಣ ತಂದಿಡುವುದಕ್ಕಾದರೂ ಅವರು ಓಡಿದರು. ಅವರ ತಂದೆ, ಬಿಳಿ ಗಡ್ಡದ ಮುದುಕರು, ಭುಜ ಹಿಡಿದು ನಿಲ್ಲಿಸಿದರು. "ಧನಿಗಳನ್ನು ಕರೆದವನು ನೀನು. ಅವರ ಒಟ್ಟಿಗೆ ನೀನು ಕೂರಬೇಕು. ತರಲಿಕ್ಕೆ ಬೇರೆಯವರಿದ್ದಾರೆ."

ಅಬ್ಬಾಸಾಕ ನನ್ನ ಪಕ್ಕದಲ್ಲಿ ಕುಸಿದು ಕೂತು, "ಮುಗಿಯಿತು ಸಣ್ಣ ಧನಿಗಳೇ, ನನ್ನ ಕೆಲಸ" ಎಂದು ಪಿಸುಗುಟ್ಟಿದರು.

ಒಂದೇ ಹರಿವಾಣದ ಸುತ್ತ ಮಾವ, ಮುದುಕರು, ಅಬ್ಬಾಸಾಕ, ನಾನು. ಹರಿವಾಣ ಹಿತ್ತಾಳೆಯದೆಂದು ಒಮ್ಮೆ ನೆನಪಾಗುತ್ತದೆ, ಹೂವಿನ ಚಿತ್ರದ ಪಿಂಗಾಣಿಯದೆಂದು ಇನ್ನೊಮ್ಮೆ. ಬೇಕಾದ್ದನ್ನು ಆರಿಸಿಕೊಳ್ಳಿ. ಮಾವನ ಕೈ ಅನ್ನದ ಮೇಲೆ ಬಹಳ ಹೊತ್ತು ನಿಂತದ್ದು ಮಾತ್ರ ಖಂಡಿತ. ಆಮೇಲೆ ಇಳಿಯಿತು.

ಮುದುಕರು ಸಹಜವಾಗಿ, "ಮನೆಯಲ್ಲಿ ಊಟಕ್ಕೆ ನಿಮ್ಮ ಒಟ್ಟಿಗೆ ಯಾರು ಕೂತುಕೊಳ್ಳುವುದು?" ಎಂದು ಕೇಳಿದರು.

"ಯಾರೂ ಇಲ್ಲ. ಯಜಮಾನನಿಗೆ ಬೇರೆಯೇ ಹಾಕುವುದು."

ನಿಜವೇ. ಮಾವನ ಹೆಂಡತಿ, ನನ್ನ ಅತ್ತೆ, ನಮ್ಮ ಅಳಿಯಕಟ್ಟಿನ ಪದ್ಧತಿಯಂತೆ ವೇಣೂರಿನ ತನ್ನ ತಾಯಿಯ ಮನೆಯಲ್ಲಿ ಮಕ್ಕಳೊಂದಿಗೆ ಇದ್ದರು. ನಮ್ಮ ಮನೆಯ ಚಾವಡಿಯಲ್ಲಿ ಮಾವನಿಗೆ ಎಲ್ಲರಿಗಿಂತ ಮೊದಲು, ಒಬ್ಬರಿಗೇ, ಮಣೆ ಹಾಕುತ್ತಿದ್ದರು. ಗೌರವ! ನಾನು ಹುಟ್ಟಿದಾಗಿನಿಂದ ಅದನ್ನು ನೋಡಿದ್ದೆ. ಅವರು ಒಬ್ಬರೇ ಉಣ್ಣುತ್ತಾರೆ ಎಂದು ಒಂದು ದಿನವೂ ನೋಡಿರಲಿಲ್ಲ. ಮುದುಕರು ಒಳ್ಳೆಯ ತುಂಡೊಂದನ್ನು ಮಾವನ ಕಡೆಗೆ ಸರಿಸಿದರು.

ಮಾವನ ಊಟ ಬಹಳ ನಿಧಾನ, ಹಲ್ಲುಗಳು ಅಲ್ಲೊಂದು ಇಲ್ಲೊಂದು. ಸುತ್ತಲಿನವರು ಎದ್ದು ಕೈ ತೊಳೆದರು. ನನ್ನದೂ ಆಗಿತ್ತು. ಏಳಹೊರಟೆ. ಅಬ್ಬಾಸಾಕ ಎಡಗೈಯಿಂದ ನನ್ನ ಮೊಣಕಾಲು ಒತ್ತಿದರು. ನೋಡಿದರೆ ಅವರೂ ಅವರ ತಂದೆಯೂ ಆಗಲೇ ಉಂಡಾಗಿದೆ. ಆದರೂ ಕೈ ಹರಿವಾಣದಲ್ಲೇ ಇದೆ. ಒಂದೊಂದೇ ಅಗುಳನ್ನು ಬೆರಳಿನಿಂದ ಆಚೆ ಈಚೆ ಓಡಿಸುತ್ತಿದ್ದಾರೆ.

"ಕೂತುಕೊಳ್ಳಿ" ಎಂದರು ಅಬ್ಬಾಸಾಕ, ನನಗೆ ಮಾತ್ರ ಕೇಳುವ ಹಾಗೆ. "ನಾವು ಎದ್ದರೆ ಅವರು ಹಸಿವೆಯಲ್ಲೇ ಏಳ್ತಾರೆ."

ಮಾವನಿಗೂ ಕೇಳಿಸಿತೋ ಏನೋ. ಗಡಿಬಿಡಿಯಿಂದ ನುಂಗತೊಡಗಿದರು. ಮುದುಕರು, "ಅವಸರ ಎಂತಕೆ ಧನಿಗಳೇ, ಇದು ಬಸ್ಸಾ ಹೊರಡಲಿಕ್ಕೆ?" ಎಂದರು. ಮಾವ ನಕ್ಕರು. ಕಣ್ಣೊರೆಸಿಕೊಂಡರು ಎಂದು ಇಲ್ಲಿ ಬರೆಯಲು ಕೈ ತಾನಾಗಿ ಓಡುತ್ತದೆ. ಬರೆಯುವುದಿಲ್ಲ. ನಾನು ನೋಡಿಲ್ಲ.

ಹೊರಡುವಾಗ ಅಬ್ಬಾಸಾಕ ರಸ್ತೆಯವರೆಗೂ ಬಂದು, ತಲೆ ತಗ್ಗಿಸಿ, ತಾನು ಬಡಿಸಲೇ ಇಲ್ಲವಲ್ಲ ಎಂದರು.

"ಆದಿತ್ಯವಾರ ಗಂಜಿಗೆ ಬಾ. ಗಂಜಿ ಕುಡಿದು ಬಸ್ಸು ತೆಗಿ" ಎಂದರು ಮಾವ.

ಆ ಆದಿತ್ಯವಾರ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಇರಲಿಲ್ಲ. ಮಾವ ಒಳಗೆ ಬಂದು, ಅಬ್ಬಾಸಾಕನಿಗೂ ಕ್ಲೀನರನಿಗೂ ನಡುವೆ ನೆಲದ ಮೇಲೆ ಕೂತು, ತನಗೂ ಒಂದು ಬಟ್ಟಲು ಇಡಲು ಹೇಳಿದರು. ಧನಿಯ ಪಕ್ಕದಲ್ಲಿ ಕೂತು ಗಂಜಿ ಸುರಿಯುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಬಡಿಸಿ ಆದ ಮೇಲೆ ನಾನೂ ಒಂದು ಬಟ್ಟಲು ಹಿಡಿದು ಕೂತೆ. ನಾಚಿಕೆಗೆ ಎಲ್ಲರೂ ಬೇಗ ಬೇಗ ಕುಡಿದು ಮುಗಿಸಿದರು. ಮಾವ ಇನ್ನೂ ಮಿಡಿ ಮಾವಿನಕಾಯಿಯನ್ನು ಇದ್ದ ಹಲ್ಲಿನ ಕಡೆಗೆ ದೂಡುತ್ತಿದ್ದರು. ಒಬ್ಬ ಕಂಡಕ್ಟರು ಏಳಲು ನೆಲಕ್ಕೆ ಕೈಯೂರಿ, ಅಬ್ಬಾಸಾಕನ ಕಡೆ ನೋಡಿದ. ಖಾಲಿ ಬಟ್ಟಲಿನಿಂದ ಅವರು ಕೈ ತೆಗೆದಿರಲಿಲ್ಲ. ಕಂಡಕ್ಟರು ಮೆಲ್ಲನೆ ಕೂತ. ಅವನನ್ನು ನೋಡಿ ಉಳಿದವರೂ ಕೂತೇ ಇದ್ದರು.

ಹೊರಗೆ ಬಂಟ್ವಾಳಕ್ಕೆ ಹೊರಟವರು ಬಸ್ಸಿನ ತಗಡಿಗೆ ಬಡಿಯುತ್ತಿದ್ದರು. ಗಂಟೆ ಆಯಿತು, ಈ ಬಸ್ಸು ಹೊರಡ್ತದಾ ಇಲ್ಲವಾ ಎಂದು ಯಾರೋ ಕೂಗಿದರು. ಶೆಡ್ಡಿನಲ್ಲಿ ಒಬ್ಬರೂ ಅಲ್ಲಾಡಲಿಲ್ಲ.

ಮಾವ ತಲೆ ಎತ್ತಿದರು. ಒಣಗಿದ ಕೈಗಳನ್ನು ಬಟ್ಟಲಲ್ಲಿ ಇಟ್ಟುಕೊಂಡು ಕೂತಿದ್ದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿ, ಮೆಲ್ಲಗೆ ಕೇಳಿದರು:

"ಇನ್ನು ಸ್ವಲ್ಪ ಗಂಜಿ ಉಂಟಾ?"