ಕನ್ಯಾ ನೋಡಲು ಹೋಗುವ ಕಾರು

ಬರೆಯಲು ಕೂತೆನೋ ಇಲ್ಲವೋ, ಮತ್ತೆ ಯಾರೋ ಬಾಗಿಲು ಬಡಿದರು. ಆಗಷ್ಟೇ ಮಲಗಿದ್ದ ಕೂಸು ಎದ್ದಿತು.

"ವೈನಿ, ಕಾರಿನ ಕೀಲಿ ಕೊಡ್ರಿ. ಕನ್ಯಾ ನೋಡಾಕ ಹೊಂಟೇವಿ."

ಸುರಪುರದ ನಮ್ಮ ಓಣಿಯಲ್ಲಿ ಮದುವೆಯಾಗದ ಗಂಡುಗಳು ಇರುವ ತನಕ ನನಗಿದು ತಪ್ಪಿದ್ದಲ್ಲ.

ಕುಲಗೋತ್ರ

ಕಾರಿನ ಚರಿತ್ರೆಯನ್ನು ಮಾವ ಬಂದವರಿಗೆಲ್ಲ ಹೇಳುತ್ತಾರೆ. ನಕ್ಷೆ ಇಟಲಿಯವರದು. ಅವರ ಪರವಾನಗಿ ಪಡೆದು ಬೊಂಬಾಯಿಯಲ್ಲಿ ಕಟ್ಟಿದ್ದು. ಕಾಲುವೆ ಕೆಲಸಕ್ಕೆ ಬಂದಿದ್ದ ಗುತ್ತೇದಾರ ಊರು ಬಿಡುವಾಗ ನಮಗೆ ಮಾರಿದ್ದು.

"ಇಟಲಿಯವರು ಇದನ್ನ ಮಾಡೋದು ಎಂದೋ ಬಿಟ್ಟಾರ. ನಮ್ಮವರು ಇನ್ನೂ ಬಿಟ್ಟಿಲ್ಲ."

"ಬಿಟ್ಟವರು ಶಾಣ್ಯಾರು ಬಿಡ್ರಿ, ಮಾವಾರ" ಎಂದೆ.

ಅವತ್ತು ನಾನು ಮಾಡಿದ ಚಹಾದಲ್ಲಿ ಮಾವನಿಗೆ ಸಕ್ಕರೆ ಕಡಿಮೆಯಾಗಿತ್ತಂತೆ.

ತಳ್ಳುವ ಶಾಸ್ತ್ರ

ನನ್ನನ್ನು ನೋಡಲು ನಮ್ಮ ಯಜಮಾನರು ಶಹಾಪುರದ ನನ್ನ ತವರಿಗೆ ಬಂದದ್ದೂ ಇದರಲ್ಲೇ. ಕಿಟಕಿಯಿಂದ ನಾನು ಮೊದಲು ನೋಡಿದ್ದು ಕಾರನ್ನು. ಹೂಂ ಅಂದದ್ದೂ ಅದಕ್ಕೇ. ವಾಪಸ್ ಹೊರಟಾಗ ಅದು ಚಾಲೂ ಆಗಲಿಲ್ಲ. ಅಣ್ಣಂದಿರು ಕಾಲುವೆ ಸೇತುವೆಯ ತನಕ ತಳ್ಳಿ ಬಂದರು.

ದೊಡ್ಡಣ್ಣ ಬೆವರೊರೆಸುತ್ತ ಅಂದ: "ಮದುವಿ ಆದಮ್ಯಾಲ ಇದು ನಿನ್ನ ಪಾಳಿ, ತಂಗಿ."

ಬೀಗರ ಗಾಡಿ

ಹೋದ ತಿಂಗಳು ನಾದಿನಿಯನ್ನು ನೋಡಲು ಹುಣಸಗಿಯಿಂದ ಗಂಡಿನವರು ಬರುವವರಿದ್ದರು. ನೀರಾವರಿ ಹೊಲ, ಸ್ವಂತ ಕಾರು ಎಂದು ಮಧ್ಯಸ್ಥರು ಹೇಳಿದ್ದರು. ಹಿಂದೆ ಎರಡು ಸಂಬಂಧ ಮುರಿದಿದ್ದವು. ಇದೂ ಹೋದರೆ ಹೇಗೆಂದು ಅತ್ತೆ ಊಟವನ್ನೇ ಬಿಟ್ಟಿದ್ದರು.

ಬಂದರು. ನಮ್ಮದೇ ಕಾರಿನಿಂದ ಇಳಿದರು. ಹಿಂದಿನ ಸೀಟಿನಲ್ಲಿ ನನ್ನ ಕೂಸಿನ ಕುಲಾವಿ ಟೊಪ್ಪಿಗೆ ಹಾಗೇ ಬಿದ್ದಿತ್ತು. ಹಿಂದಿನ ದಿನ ನಮ್ಮಿಂದ ಕಾರು ಒಯ್ದ ಓಣಿಯ ಮಾಸ್ತರರು ಗೆಳೆಯನಿಗೆ ಕೊಟ್ಟಿದ್ದರಂತೆ, ಗೆಳೆಯ ಇವರಿಗೆ. ಕೈಯಿಂದ ಕೈಗೆ ದಾಟಿಸುವುದು ಇಟಲಿಯವರೇ ಹಾಕಿಕೊಟ್ಟ ಪದ್ಧತಿ.

ಗಂಡಿನ ತಂದೆ ಉಪ್ಪಿಟ್ಟು ತಿನ್ನುತ್ತ, "ನಮ್ಮ ಗಾಡಿ ಇಟಲಿ ನಕ್ಷೆದ್ದು ನೋಡ್ರಿ" ಅಂದರು.

ಮಾವ ಅತ್ತೆಯ ಮುಖ ನೋಡಿ, "ಹೌದ್ರಿ, ಭಾಳ ಛಲೋ ಗಾಡಿ" ಅಂದರು.

ಹೊರಟಾಗ ಅದು ಚಾಲೂ ಆಗಲಿಲ್ಲ. ನಮ್ಮ ಯಜಮಾನರೇ ತಳ್ಳಿದರು. ಎಲ್ಲಿ ಕೈ ಇಡಬೇಕೆಂದು ಅವರಿಗೇ ತಾನೆ ಗೊತ್ತು. ಅದನ್ನು ಕಂಡ ಹುಡುಗ ಇಳಿದು ಬಂದು ಕುಲಾವಿಯನ್ನು ಬಾಗಿಲಲ್ಲಿ ನಿಂತಿದ್ದ ನಾದಿನಿಯ ಕೈಗಿತ್ತ.

"ಇದು ನಿಮ್ಮದ ಇರಬೇಕ್ರಿ. ಗಾಡಿನೂ. ನಮ್ಮ ಮನ್ಯಾಗ ಗಾಡಿ ಇಲ್ಲ."

ಅಡುಗೆಮನೆಯಲ್ಲಿ ನಾದಿನಿ ಕೇಳಿದಳು: "ವೈನಿ, ನೀ ಗಾಡಿ ನೋಡಿ ಹೂಂ ಅಂದಿ, ಗಾಡಿ ಖರೇನ ಸಿಕ್ತು. ಇವ ಗಾಡಿ ಇಲ್ಲಂತ ಖರೇ ಹೇಳ್ಯಾನ. ನಮ್ಮಿಬ್ಬರೊಳಗ ಯಾರ ನಸೀಬ ಛಲೋ ಅದ?"

ಕೂಸು ಅಳಾಕತ್ತದ ಅಂತ ಎದ್ದು ಹೋದೆ. ಕೂಸು ಗಾಢ ನಿದ್ದೆಯಲ್ಲಿತ್ತು.