ಅಣಬೆ ಎದ್ದ ದಿನ ಏಳು ಆಟಗಾರರು

ಗುರುವಾರ ಮಳೆ ಸುರಿದು ಶುಕ್ರವಾರ ಬಿಸಿಲು ಬಿದ್ದದ್ದೇ ಎಲ್ಲ ಅನರ್ಥಕ್ಕೂ ಮೂಲ. ಸೆಪ್ಟೆಂಬರಿನಲ್ಲಿ ಹಾಗಾದರೆ ಶನಿವಾರ ಕಾಡಿನಲ್ಲಿ ಅಣಬೆ ಏಳುತ್ತದೆ. ಅಣಬೆ ಎದ್ದರೆ ವಾರಿಕ್ಸೆ ಊರಿನಲ್ಲಿ ಮನುಷ್ಯರು ಉಳಿಯುವುದಿಲ್ಲ. ಇದು ತೊಟ್ಟಿಲ ಕೂಸಿಗೂ ಗೊತ್ತು. ಆದರೆ ವಾರಿಕ್ಸೆ ತಾರ್ಮ್ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಕಾರ್ಮೊ ಪಿಹೆಲ್ಗಸ್, ಫೆಬ್ರವರಿ ತಿಂಗಳಲ್ಲಿ, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗ ಲೀಗ್ ಸಭೆಯಲ್ಲಿ ಕೂತು, "ಸೆಪ್ಟೆಂಬರಿನ ಎರಡನೇ ಶನಿವಾರ ನಮಗೆ ಪೂರ್ತಿ ಅನುಕೂಲ" ಎಂದು ಒಪ್ಪಿಕೊಂಡು ಬಂದಿದ್ದ. ಹಿಮದಲ್ಲಿ ಕೂತವನಿಗೆ ಅಣಬೆ ಎಲ್ಲಿ ನೆನಪಾಗಬೇಕು?

ತಾರ್ಮ್ ಅಂದರೆ ಸಾಮಾನ್ಯ ಕ್ಲಬ್ಬಲ್ಲ. ಊರಿನಲ್ಲಿ ಬೆಂಕಿಯೇ ಬೀಳದೆ ಬೇಸತ್ತ ಅಗ್ನಿಶಾಮಕ ದಳದವರು ೧೯೨೭ರಲ್ಲಿ ಕಟ್ಟಿದ್ದು. ಮೊದಲ ಪಂದ್ಯದಲ್ಲೇ ಜೌಗು ನೆಲದ ಆಚೆಗಿನ ಪಿಲ್ಲಿಸೋ ಊರಿನವರು ಹನ್ನೊಂದು ಗೋಲು ಹೊಡೆದು ಕಳಿಸಿದ್ದರು. ರಷ್ಯನ್ನರ ಕಾಲದಲ್ಲಿ ಕ್ಲಬ್ಬಿಗೆ ಹಾಲಿನ ಡೈರಿಯ ಹೆಸರಿಟ್ಟರು, ಸೋತರು. ಸ್ವಾತಂತ್ರ್ಯ ಮರಳಿದ ಮೇಲೆ ಹಳೆಯ ಹೆಸರಿಟ್ಟರು, ಸೋತರು. ಧ್ವಜ ಬದಲಾಯಿತು, ದುಡ್ಡು ಬದಲಾಯಿತು, ಸೋಲು ಮಾತ್ರ ಬದಲಾಗಲಿಲ್ಲ. ನೂರು ವರ್ಷ ತುಂಬುವ ಹೊತ್ತಿಗೆ ಈ ಇತಿಹಾಸವನ್ನೆಲ್ಲ ಪುಸ್ತಕ ಮಾಡಬೇಕೆಂದು ಕಾರ್ಮೊ ಇನ್ನೂರ ಹನ್ನೆರಡು ಪುಟ ಬರೆದಿಟ್ಟಿದ್ದ. ಅಷ್ಟು ಸೋಲುಗಳನ್ನು ಅಷ್ಟು ಅಕ್ಕರೆಯಿಂದ ಬರೆದ ಮನುಷ್ಯ ಇನ್ನೊಬ್ಬನಿರಲಾರ.

ಈಗ ಆ ಇತಿಹಾಸಕ್ಕೇ ಕುತ್ತು ಬಂದಿತ್ತು. ಒಂದು ವರ್ಷದಲ್ಲಿ ಮೂರು ಸಲ ತಂಡ ಮೈದಾನಕ್ಕೆ ಬಾರದಿದ್ದರೆ ಲೀಗ್‌ನಿಂದ ಹೆಸರು ಹೊಡೆದುಹಾಕುತ್ತಾರೆ. ತಾರ್ಮ್ ಈಗಾಗಲೇ ಎರಡು ಸಲ ಗೈರುಹಾಜರಾಗಿತ್ತು. ಮೊದಲನೆಯದು ಜೂನ್ ತಿಂಗಳ ಯಾನಿ ಹಬ್ಬದ ಮರುದಿನ. ರಾತ್ರಿಯಿಡೀ ದೊಡ್ಡ ಬೆಂಕಿ ಹಾಕಿಕೊಂಡು ಬಿಯರ್ ಕುಡಿದ ಹನ್ನೊಂದು ಜನರಲ್ಲಿ ಒಬ್ಬನಿಗೂ ಚೆಂಡು ಒಂದೇ ಆಗಿ ಕಾಣಲಿಲ್ಲ. ಎರಡನೆಯದು ಹುಲ್ಲು ಕೊಯ್ಯುವ ದಿನ. ಇವತ್ತು ಎರಡು ಗಂಟೆಗೆ ಅದೇ ಪಿಲ್ಲಿಸೋ ಜೊತೆ ಪಂದ್ಯ. ಕನಿಷ್ಠ ಏಳು ಜನ ಬೇಕು.

ಕಾಗದದ ಮೇಲೆ ತಂಡದಲ್ಲಿ ಇಪ್ಪತ್ತಮೂರು ಆಟಗಾರರಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಅವರಲ್ಲಿ ಒಂಬತ್ತು ಜನ ಫಿನ್ಲೆಂಡಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋಗಿದ್ದರು. ಮೂವರ ಮೊಣಕಾಲು ಹೋಗಿತ್ತು. ಒಬ್ಬ ತೀರಿಕೊಂಡಿದ್ದ, ಗೌರವಕ್ಕೆಂದು ಹೆಸರು ತೆಗೆದಿರಲಿಲ್ಲ. ಇಪ್ಪತ್ತಮೂರನೆಯವನು ಸ್ವತಃ ಐವತ್ತನಾಲ್ಕು ವರ್ಷದ ಕಾರ್ಮೊ.

ಬೆಳಗ್ಗೆ ಎಂಟಕ್ಕೆ ಅವನು ಎಲ್ಲರಿಗೂ ಫೋನ್ ಮಾಡಿದ. ಎಲ್ಲರ ಫೋನೂ ಬಂದ್. ಪಕ್ಕದ ಮನೆಯ ಹಿಲ್ಯಾ ಅತ್ತೆ ರಬ್ಬರ್ ಬೂಟು ಹಾಕಿ, ಬುಟ್ಟಿಯಲ್ಲಿ ಚಾಕು ಇಟ್ಟುಕೊಂಡು ಗೇಟು ದಾಟುತ್ತಿದ್ದಳು.

"ಕಾಡಿಗಾ ಅತ್ತೆ?"

"ಇಲ್ಲಪ್ಪ, ಚರ್ಚಿಗೆ."

"ಶನಿವಾರ ಎಂಥ ಚರ್ಚು?"

"ಭಕ್ತಿಗೆ ವಾರ ಇದೆಯೇನೋ? ನೀನೇನು ಬೆಳಗ್ಗೆಬೆಳಗ್ಗೆ ಹಾಲು ಉಕ್ಕಿಸ್ಕೊಂಡವನ ಥರ ನಿಂತಿದೀಯ?"

ಕಾರ್ಮೊ ಕಷ್ಟ ಹೇಳಿಕೊಂಡ. ಅತ್ತೆ ಮರುಗಿದಳು. "ನಿನ್ನ ಕ್ಯಾಪ್ಟನ್ ಉರ್ಮೆಟ್ ಕಾರು ಪೈನ್ ತೋಪಿನ ಹತ್ರ ನಿಂತಿದೆ ನೋಡು."

"ಹಾಗಿದ್ರೆ ಅಲ್ಲೇ ಇರ್ತಾನೆ."

"ಅಯ್ಯೋ ಪೆದ್ದ! ಕಾರು ಅಲ್ಲಿದ್ರೆ ಅವನು ಅಲ್ಲಿಲ್ಲ ಅಂತ. ತನ್ನ ಅಣಬೆ ಜಾಗದ ಮುಂದೆ ಯಾರಾದ್ರೂ ಕಾರು ನಿಲ್ಲಿಸ್ತಾರಾ? ಪೂರ್ವಕ್ಕೆ ಕಾರಿದ್ರೆ ಪಶ್ಚಿಮಕ್ಕೆ ಹುಡುಕು. ಆದ್ರೆ ಹಳ್ಳದ ಕಡೆ ಮಾತ್ರ ಹೋಗ್ಬೇಡ, ಅಲ್ಲಿ ಏನೂ ಇಲ್ಲ." ಹಳ್ಳದ ಕಡೆ ಏನಿದೆ ಎಂಬುದು ಕಾರ್ಮೊನಿಗೆ ಆಗಲೇ ತಿಳಿದುಹೋಯಿತು.

ಕಾಡಿನಲ್ಲಿ ಅವನು "ಉರ್ಮೆಟ್! ವಾಲ್ಲೊ!" ಎಂದು ಕೂಗಿದ. ಕೂಗಿದ್ದೇ ತಪ್ಪಾಯಿತು. ಅಣಬೆ ಕೀಳುವವನು ಕೂಗು ಕೇಳಿದರೆ ಓಗೊಡುವುದಿಲ್ಲ, ಕುಕ್ಕರಗಾಲಲ್ಲಿ ಕೂರುತ್ತಾನೆ. ಕಾಡಿನ ತುಂಬ ಜನ ಕೂತ ಸದ್ದಾಯಿತು. ಕಡೆಗೆ ಒಂದು ಬರ್ಚ್ ಮರದ ಎರಡೂ ಬದಿಯಿಂದ ಗೋಲ್‌ಕೀಪರ್ ವಾಲ್ಲೊ ಕಾಣಿಸಿದ. ವೃತ್ತಿಯಿಂದ ಬೇಕರಿಯವನಾದ ಅವನು ಯಾವ ಮರದ ಹಿಂದೆಯೂ ಪೂರ್ತಿ ಅಡಗುವವನಲ್ಲ.

"ವಾಲ್ಲೊ, ನೀನು ಕಾಣಿಸ್ತಿದೀಯ."

"ಇಲ್ಲ, ಕಾಣಿಸ್ತಿಲ್ಲ," ಎಂದಿತು ಮರ.

"ಎರಡು ಗಂಟೆಗೆ ಪಂದ್ಯ ಕಣೋ! ಬರದಿದ್ರೆ ಕ್ಲಬ್ ಹೋಗುತ್ತೆ. ನಿಮ್ಮಪ್ಪ ಆಡಿದ ಕ್ಲಬ್ಬು, ನಿಮ್ಮಜ್ಜ ಆಡಿದ ಕ್ಲಬ್ಬು!"

"ಅಪ್ಪ, ಅಜ್ಜ ಇಬ್ರೂ ಈ ದಿನ ಇದೇ ಮರದ ಕೆಳಗೇ ಇರ್ತಿದ್ರು. ಕಾರ್ಮೊ, ಸೋಲೋದು ಮುಂದಿನ ವಾರಾನೂ ಸೋಲಬಹುದು. ಅಣಬೆ ಕಾಯುತ್ತಾ?"

ಕಾರ್ಮೊನ ಎದೆಯಲ್ಲಿ ಇನ್ನೂರ ಹನ್ನೆರಡು ಪುಟಗಳೂ ಒಟ್ಟಿಗೆ ಮಗುಚಿದಂತಾಯಿತು. ಅವನ ಬಳಿ ಕೊಡಲು ಇದ್ದದ್ದು ಒಂದೇ ಒಂದು ವಸ್ತು, ಅಜ್ಜಿಯ ಜಾಗ. ವರ್ಷಾವರ್ಷ ಬುಟ್ಟಿಗಟ್ಟಲೆ ಬೆಣ್ಣೆಯಂಥ ದೊಡ್ಡ ಅಣಬೆ ಏಳುವ ಆ ಜಾಗವನ್ನು ಅಜ್ಜಿ ಸಾಯುವ ಗಳಿಗೆಯಲ್ಲಿ, ಪಾದ್ರಿಯನ್ನೂ ಹೊರಗೆ ಕಳಿಸಿ, ಅವನ ಕಿವಿಯಲ್ಲಿ ಹೇಳಿದ್ದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಗೆ ಕಾರ್ಮೊನ ಬ್ಯಾಂಕಿನ ಗುಪ್ತಸಂಖ್ಯೆ ಗೊತ್ತಿತ್ತು, ಆ ಜಾಗ ಗೊತ್ತಿರಲಿಲ್ಲ.

"ಪಂದ್ಯ ಮುಗಿದ ಮೇಲೆ ಅಜ್ಜಿಯ ಜಾಗ ಹೇಳ್ತೀನಿ," ಎಂದ. "ನಿನಗೊಬ್ಬನಿಗೆ."

ವಾಲ್ಲೊ ಟೋಪಿ ತೆಗೆದ. "ಎಷ್ಟು ಗಂಟೆಗೆ ಪಂದ್ಯ ಅಂದೆ?"

ಒಂದು ಗಂಟೆಯೊಳಗೆ ಕಾರ್ಮೊ ಪೊದೆಯಿಂದ ಪೊದೆಗೆ ಓಡಿ ಇನ್ನೂ ಐದು ಜನರಿಗೆ "ನಿನಗೊಬ್ಬನಿಗೆ" ಎಂದಿದ್ದ. ಕ್ಯಾಪ್ಟನ್ ಉರ್ಮೆಟ್ ಅಂತೂ ಜಾರುನೆಲದಲ್ಲಿ ಮೊಣಕಾಲೂರಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿದ. ಆರು ಜನ ಆದರು, ಏಳನೆಯವನು ಕಾರ್ಮೊ. ಹತ್ತು ವರ್ಷದ ಹಿಂದೆ ಹೊಲಿಸಿದ ಅಂಗಿ ಹೊಟ್ಟೆಯ ಅರ್ಧಕ್ಕೆ ಬಂದು ನಿಂತಿತು.

ಒಂದೂ ಮುಕ್ಕಾಲಿಗೆ ಏಳೂ ಜನ ಮೈದಾನದಲ್ಲಿ ಸಾಲಾಗಿ ನಿಂತಿದ್ದರು. ಆರು ಜನರ ಮುಖದಲ್ಲೂ ಉಳಿದವರಿಗೆ ಗೊತ್ತಿಲ್ಲದ ಗುಟ್ಟು ತನಗೆ ಗೊತ್ತೆಂಬ ಒಂದೇ ನಗು. ಪಟ್ಟಣದಿಂದ ಬಂದ ರೆಫರಿ, ಕಡ್ಡಿಯಂಥ ಮನುಷ್ಯ, ತಲೆ ಎಣಿಸಿ ತೃಪ್ತನಾದ. ಕ್ಲಬ್ ಉಳಿಯಿತು! ಕಾರ್ಮೊನ ಕಣ್ಣು ಒದ್ದೆಯಾಯಿತು.

ಎರಡು ಗಂಟೆಯಾಯಿತು, ಎರಡೂ ಹತ್ತಾಯಿತು. ಪಿಲ್ಲಿಸೋ ತಂಡದ ಸುಳಿವಿಲ್ಲ. ಕಡೆಗೆ ಒಂದು ಹಳೆಯ ಕಾರು ಕೆಮ್ಮುತ್ತ ಬಂತು. ಅದರಿಂದ ಪಿಲ್ಲಿಸೋ ಕ್ಲಬ್ಬಿನ ಕಾರ್ಯದರ್ಶಿ, ಎಪ್ಪತ್ತರ ಎಲ್ಮುತ್ ಒಬ್ಬನೇ ಇಳಿದ. ಕೈಯಲ್ಲಿ ಇಸ್ತ್ರಿ ಮಾಡಿದ ಹನ್ನೊಂದು ಅಂಗಿಗಳ ಚೀಲ.

"ಒಬ್ಬರೂ ಸಿಗ್ಲಿಲ್ಲ," ಎಂದ ನೆಲ ನೋಡುತ್ತ. "ಎಲ್ಲರ ಮನೇಗೂ ಹೋದೆ. ಬಾಗಿಲಲ್ಲಿ ಬೆಕ್ಕು ಬಿಟ್ರೆ ಯಾರೂ ಇಲ್ಲ. ನಮಗೂ ಇದು ಮೂರನೇ ಸಲ."

ರೆಫರಿ ಗಡಿಯಾರ ನೋಡಿದ. "ಇನ್ನೈದು ನಿಮಿಷ. ಆಮೇಲೆ ತಾರ್ಮ್‌ಗೆ ಮೂರು-ಸೊನ್ನೆ ಗೆಲುವು. ಪಿಲ್ಲಿಸೋ ಹೆಸರು ಲೀಗ್‌ನಿಂದ ಹೋಗುತ್ತೆ. ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದ್ರೆ ಪಂದ್ಯಾನ ಮುಂದಿನ ಶನಿವಾರಕ್ಕೆ ಮುಂದೂಡಬಹುದು. ಆದ್ರೆ ಗೆಲ್ತಿರೋರು ಯಾಕೆ ಸಹಿ ಹಾಕ್ತಾರೆ?"

ಗೆಲುವು! ಎರಡು ವರ್ಷದಲ್ಲಿ ಮೊದಲನೆಯದು. ಕಾರ್ಮೊ ಎಲ್ಮುತ್‌ನನ್ನು ನೋಡಿದ. ಮುದುಕ ಚೀಲದ ಮೇಲಿನ ಅಂಗಿಯ ಕಾಲರನ್ನು ಸುಮ್ಮನೆ ಸರಿಮಾಡುತ್ತಿದ್ದ. ಕಾರ್ಮೊನ ಪುಸ್ತಕದ ಪ್ರತಿ ಪುಟದಲ್ಲೂ ಪಿಲ್ಲಿಸೋದವರು ಇದ್ದರು. ಅವರೇ ಇಲ್ಲದಿದ್ದರೆ ಮುಂದೆ ಸೋಲುವುದು ಯಾರ ಹತ್ತಿರ? ಪಾಪ ಅನ್ನಿಸಿತು, ಸಿಟ್ಟೂ ಬಂತು, ಮತ್ತೆ ಪಾಪ ಅನ್ನಿಸಿತು.

"ಎಲ್ಲಿ ಸಹಿ ಹಾಕ್ಬೇಕು?" ಎಂದ.

"ತಲೆ ಕೆಟ್ಟಿದೆಯೇನೋ!" ಎಂದು ಉರ್ಮೆಟ್ ಕೂಗಿದ. ಸಹಿ ಬಿದ್ದಾಗಿತ್ತು. "ಸರಿ, ಪಂದ್ಯ ಮುಗೀತು ತಾನೆ? ಜಾಗ ಹೇಳು."

"ನಿನಗೂ ಹೇಳ್ತೀನಿ ಅಂದಿದ್ನಾ?" ವಾಲ್ಲೊ ತಿರುಗಿದ. ಆರು ಜನ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಎಲ್ಲರೂ ಕಾರ್ಮೊನನ್ನು ನೋಡಿದರು. ಓಡಲು ಜಾಗವಿರಲಿಲ್ಲ.

"ಹಾಳು ಗಾಳಿಗಿರಣಿಯ ಎಡಕ್ಕೆ, ಮೂರನೇ ಕಾಲುವೆ ದಾಟಿದ ಮೇಲೆ, ಹಳೇ ಫರ್ ಮರದ ಕೆಳಗೆ," ಎಂದ. ಅಜ್ಜಿ ಮೇಲಿನಿಂದ ಕಿವಿ ಹಿಂಡಿದ ಹಾಗಾಯಿತು.

ಬುಟ್ಟಿಗಳು ಕಾರಿನಲ್ಲೇ ಇದ್ದವು. ಬೂಟು ಬಿಚ್ಚದೆಯೇ ಆರೂ ಜನ ಹತ್ತಿದರು. "ಮುಂದಿನ ಶನಿವಾರ ಬರ್ತೀರಾ ತಾನೆ?" ಎಂದು ಕಾರ್ಮೊ ಹಿಂದೆ ಓಡಿದ.

ಉರ್ಮೆಟ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಮುಂದಿನ ಶನಿವಾರಕ್ಕೆ ಏನು ಕೊಡ್ತೀಯ?"

ಧೂಳು ಕುಳಿತ ಮೇಲೆ, ಅಷ್ಟು ಹೊತ್ತು ದೂರ ತನ್ನ ಕಾರಿನ ಬಳಿ ನಿಂತಿದ್ದ ಎಲ್ಮುತ್ ಹತ್ತಿರ ಬಂದು ಕಾರ್ಮೊನ ಎರಡೂ ಕೈ ಹಿಡಿದುಕೊಂಡ. ಆ ನಾಡಿನಲ್ಲಿ ಗಂಡಸರು ಹಾಗೆ ಮಾಡುವುದು ಮದುವೆಯಲ್ಲಿ, ಸಾವಿನಲ್ಲಿ ಮಾತ್ರ. "ನಮ್ಮ ಕ್ಲಬ್ ಉಳಿಸಿದ್ರಿ. ನನ್ನ ಹತ್ರ ಕೊಡೋಕೆ ಏನೂ ಇಲ್ಲ. ಆದ್ರೆ ಒಂದು ಗುಟ್ಟು ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಹೋದ ವಾರ ನಮ್ಮ ಗೋಲ್‌ಕೀಪರ್ ಜೌಗಿನಲ್ಲಿ ದಾರಿ ತಪ್ಪಿ ಅಣಬೆಯ ಗಣಿಗೇ ಕಾಲಿಟ್ನಂತೆ. ನಮ್ಮ ಹನ್ನೊಂದೂ ಜನ ಬೆಳಗ್ಗೆಯಿಂದ ಅಲ್ಲೇ ಇದ್ದಾರೆ ಅಂತ ಅವನ ಹೆಂಡತಿ ಈಗ ತಾನೇ ಫೋನಿನಲ್ಲಿ ಬಾಯಿಬಿಟ್ಳು. ಆ ಹಾಳು ಗಾಳಿಗಿರಣಿ ಇದೆಯಲ್ಲ..."

ಕಾರ್ಮೊ ಹುಲ್ಲಿನ ಮೇಲೆ ಕೂತುಬಿಟ್ಟ. ಅಂಗಿಯ ಹೊಲಿಗೆ ಬಿಟ್ಟಿತು. ಎರಡೂ ತಂಡಗಳು ಕಡೆಗೂ ಎದುರುಬದುರಾಗಲಿದ್ದವು, ಮೂರನೇ ಕಾಲುವೆಯ ಆಚೆ, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಚಾಕುವಿನೊಡನೆ.

ರೆಫರಿ ಅಷ್ಟರಲ್ಲಿ ತನ್ನ ಕಾರಿನ ಡಿಕ್ಕಿ ತೆಗೆದು, ಸೀಟಿಯನ್ನು ಜೇಬಿಗಿಟ್ಟು, ಒಂದು ದೊಡ್ಡ ಬುಟ್ಟಿ ಹೊರಗೆಳೆದ.

"ಗಿರಣಿಯಿಂದ ಎಡಕ್ಕೆ ಅಂದ್ರೋ, ಬಲಕ್ಕೆ ಅಂದ್ರೋ?"

"ಎಡಕ್ಕೆ ಸಾರ್," ಎಂದ ಕಾರ್ಮೊ. ಮೂವತ್ತು ವರ್ಷ ಕ್ಲಬ್ಬಿಗಾಗಿ ದುಡಿದ ಅವನು ರೆಫರಿಯ ಹತ್ತಿರ ಒಂದು ಸುಳ್ಳೂ ಹೇಳಿದವನಲ್ಲ.