ಊರಿಗೆಲ್ಲಾ ಒಂದ ಗೌನು

ಮಕ್ಕಳು ಕಾಲೇಜು ಮುಗಿಸಿದ ಕೂಡಲೆ ತಂದಿ-ತಾಯಿ ತಲಿ ಒಂದೀಟು ಕೆಡತೈತಿ. ಇದನ್ನ ನಾ ಸುಮ್ಮನ ಹೇಳಾಕತ್ತಿಲ್ಲ, ಹದಿನೈದು ವರ್ಷ ಕಣ್ಣಾರೆ ನೋಡೇನಿ. ಬೈಲಹೊಂಗಲದಾಗ ನಮ್ಮದೊಂದು ಫೋಟೋ ಸ್ಟುಡಿಯೋ. ಫೋಟೋ ಹೊಡಿಯೋರು ನಮ್ಮ ಮನಿಯವರು, ಗಿರಾಕಿಗೆ ಗೌನು ತೊಡಸಾಕಿ ನಾನು. ರಿಜಲ್ಟ್ ಬಂದ ತಿಂಗಳದಾಗ ಏನರ ಒಂದು ಪ್ರಸಂಗ ಆಗದ ಇದ್ದ ವರ್ಷ ನನಗ ನೆನಪಿಲ್ಲ.

ತೊಂಬತ್ತರ ದಶಕದ ಮಾತು. ಆಗ ಘಟಿಕೋತ್ಸವಕ್ಕಂತ ಧಾರವಾಡಕ್ಕ ಹೋಗೋರು ಕಡಿಮಿ, ಪದವಿ ಪೋಸ್ಟಿನ್ಯಾಗ ಬರತಿತ್ತು. ಆದ್ರ ಪಡಸಾಲಿ ಗ್ವಾಡಿ ಮ್ಯಾಲ ಕರೇ ಗೌನಿನ ಫೋಟೋ ಇರಾಕಬೇಕು, ಇಲ್ಲಂದ್ರ ಬೀಗರು ನಂಬತಿರಲಿಲ್ಲ. ಗೌನು ನಾನ ಹೊಲದದ್ದು. ಕೊಳ್ಳಾಗಿನ ಕೆಂಪು ಪಟ್ಟಿ ನನ್ನ ಲಗ್ನದ ಕುಬಸದ ಅರಬಿ, ಟೊಪಗಿ ರಟ್ಟಿಂದು. ಕೈಯಾಗ ಸುರುಳಿ ಸುತ್ತಿ ಹಿಡಿಯೋ ಪದವಿ ಅಂದ್ರ ಹ್ವಾದ ವರ್ಷದ ಕ್ಯಾಲೆಂಡರ್. ಸಪೂರ ಇದ್ದೋರಿಗೆ ಬೆನ್ನ ಹಿಂದ ಪಿನ್ನು ಚುಚ್ಚತಿದ್ದೆ, ದಪ್ಪ ಇದ್ದೋರಿಗೆ ಹಿಂದ ತೆರದ ಬಿಡತಿದ್ದೆ.

ನನ್ನದೊಂದ ಕಾಯ್ದೆ ಇತ್ತು. ಮೊದಲ ಮಾರ್ಕ್ಸ್ ಕಾರ್ಡ್ ತೋರಸಬೇಕು, ಆಮ್ಯಾಲ ಗೌನು. ನಪಾಸಾದಾಂವ ಮಂತ್ರಿ ಮಗಾ ಇದ್ರೂ ತೊಡಸತಿರಲಿಲ್ಲ. "ಗಿರಾಕಿ ಹೊಳ್ಳಿ ಹೊಕ್ಕಾವು" ಅಂತ ನಮ್ಮ ಮನಿಯವರು ಗೊಣಗತಿದ್ರು. ಹೋಗ್ಲಿ ಅಂತಿದ್ದೆ.

ದೇವರು ಈ ಸೊಕ್ಕು ನೋಡಿದ್ದ ಅಂತ ಕಾಣತೈತಿ. ಊರ ಮಂದಿ ಮಕ್ಕಳೆಲ್ಲಾ ನಮ್ಮ ಅಂಗಡಿ ಗಾಜಿನ ಕಪಾಟಿನ್ಯಾಗ ಗೌನು ತೊಟ್ಟು ನಿಂತಿದ್ರು, ನಮ್ಮ ಒಬ್ಬಾಂವ ಮಗಾ ಇರಲಿಲ್ಲ. ಅಂವಗ ಬಿ.ಎ. ಎಲ್ಲಾ ಆಗಿತ್ತು, ಇಂಗ್ಲಿಷ್ ಒಂದ ಉಳದಿತ್ತು. "ಇದರಾಗ ನಿಮ್ಮ ಮಗಾ ಯಾಂವ್ರಿ?" ಅಂತ ಬಂದೋರೆಲ್ಲಾ ಕೇಳತಿದ್ರು. "ಅವನ ಫೋಟೋ ಇನ್ನ ತೊಳದಿಲ್ರಿ" ಅಂತಿದ್ದೆ. ಮೂರು ವರ್ಷ ತೊಳೀಲಿಲ್ಲ ಆ ಫೋಟೋ.

ಉಡಿ ತುಂಬಿದ್ದು

ಮನೋಳಿಯಿಂದ ಒಬ್ಬಾಕಿ ತಾಯಿ ಮಗಳನ್ನ ಕರಕೊಂಡು ಬಂದ್ಲು. ಮಗಳು ಬಿ.ಎ. ಪಾಸು, ಅದ ವಾರ ಲಗ್ನನೂ ನಿಶ್ಚೆ ಆಗಿತ್ತು. ನಾ ಗೌನು ತಗದ ಕೂಡಲೆ ಆ ತಾಯಿ ಮಾರಿ ಸಣ್ಣದಾತು.

"ಕರೀದೇನ್ರಿ ಅಕ್ಕಾರ? ಹಸರಂದು ಇಲ್ಲೇನು?"

"ಪದವಿ ಹಸರ ಬರಂಗಿಲ್ರಿ."

"ನಿಶ್ಚೆ ಆದ ಹುಡುಗಿಗೆ ಕರೀದು ಹೆಂಗ ತೊಡಸೂದ್ರಿ?"

ಅರ್ಧಾ ತಾಸು ಚರ್ಚಾ ಆತು. ಕಡೀಕ ತಾಯಿ ಬಳಿಗಾರನ ಅಂಗಡಿಗೆ ಹೋಗಿ ಮಗಳಿಗೆ ಮೊಣಕೈತನಾ ಹಸರ ಬಳಿ ಇಡಿಸಿಕೊಂಡು ಬಂದ್ಲು. ಟೊಪಗಿ ಸುತ್ತ ಮಲ್ಲಿಗಿ ಸುತ್ತಿದ್ಲು. ಇಷ್ಟಕ್ಕ ಮುಗೀತು ಅನ್ಕೊಂಡೆ. ಚೀಲದಾಗಿಂದ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಹೊರಗ ಬಂದ್ವು. ಉಡಿ ತುಂಬಾಕ ಗೌನಿಗೆ ಸೆರಗ ಇಲ್ಲ. ಕಲತ ಹುಡುಗಿ ಪಾಪ, ಗೌನಿನ ಮುಂದಿನ ಅಂಚ ಹಿಡದು ಉಡಿ ಮಾಡಿಕೊಂಡ್ಲು. ತಾಯಿ ತುಂಬಿದ್ಲು, ನಮ್ಮ ಮನಿಯವರು ಹೊಡದ್ರು.

ಫೋಟೋ ವರನ ಮನಿಗೆ ಹೋತು. ನಾಕನೇ ದಿನ ತಾಯಿ ಏದುಸಿರು ಬಿಟಗೋತ ಓಡಿ ಬಂದ್ಲು. "ಹುಡುಗಿ ಹೊಟ್ಟಿ ಯಾಕ ಮುಂದ ಬಂದೈತಿ ಅಂತ ಕೇಳಾಕತ್ತಾರ್ರಿ ಅಕ್ಕಾರ!"

ಎರಡನೇ ಸಲ ಹೊಡಿಯುವಾಗ ತೆಂಗಿನಕಾಯಿ ನಾ ಹಿಡಕೊಂಡು ದೂರ ನಿಂತಿದ್ದೆ.

ತಂದಿಗೂ ಒಂದು

ಚಚಡಿಯ ಒಬ್ಬ ರೈತರು ಮಗನ ಫೋಟೋ ಆದಮ್ಯಾಲ ತಾವೂ ಸ್ಟೂಲಿನ ಮ್ಯಾಲ ಕುಂತ್ರು. "ತಂಗೆವ್ವ, ಈಗ ನನಗ ತೊಡಸು" ಅಂದ್ರು.

"ಯಜಮಾನ್ರ, ನಿಮ್ಮ ಮಾರ್ಕ್ಸ್ ಕಾರ್ಡ್?"

ಅವರು ಮಗನ ಕಡೆ ಬಟ್ಟು ತೋರಿಸಿದ್ರು. "ಅಲ್ಲಿ ನಿಂತೈತಲ್ಲ. ಐದು ವರ್ಷ ಮುಂಜಾನಿ ಬಸ್ಸಿಗೆ ಎಬ್ಬಿಸಿದಾಂವ ನಾನು. ಜ್ವರಾ ಬಂದಾಗ ಪರೀಕ್ಷಾಕ್ಕ ಸೈಕಲ್ ಮ್ಯಾಲ ಕುಂಡ್ರಿಸಿಕೊಂಡು ಹೋದಾಂವ ನಾನು. ಮಳಿಯಾಗ ಮೂರು ತಾಸು ಗೇಟಿನ ಹೊರಗ ನಿಂತಾಂವ ನಾನು. ಇಂವ ಒಳಗ ಕುಂತು ಬರದ ಅಷ್ಟ."

ಮಗಾ ತಲಿ ಕೆಳಗ ಹಾಕಿದ್ದ. ಆದ್ರ ಕಾಯ್ದೆ ಕಾಯ್ದೇನ. "ಗೌನು ಆಗಂಗಿಲ್ರಿ, ಟೊಪಗಿ ಅಷ್ಟ ಕೊಡತೇನಿ" ಅಂದೆ. ಪಟಕಾ ತಗೀರಿ ಅಂದ್ರ ಅವರು ಒಲ್ಲೆ ಅಂದ್ರು. ಪಟಕಾದ ಮ್ಯಾಲ ಟೊಪಗಿ ಇಟ್ಟ ಹೊಡದ್ವಿ.

ಪ್ರಿಂಟ್ ಒಯ್ಯಾಕ ಬಂದಾಗ ಎರಡೂ ಬೆಳಕಿಗೆ ಹಿಡದು ಭಾಳ ಹೊತ್ತು ನೋಡಿದ್ರು. "ಮಗಾ ಬರೋಬ್ಬರಿ ಬಂದಾನ. ನಾ ಯಾಕೋ ತುಸು ಓದಲಾರದಾಂವನಂಗ ಕಾಣತೇನಿ."

ಲೈಸನ್ಸ್

ಸವದತ್ತಿಯ ಟೆಂಪೋ ಡ್ರೈವರ್ ಒಬ್ಬರ ಮಗಳು ಬಿ.ಕಾಂ. ಪಾಸಾದ್ಲು. ಅವರ ಮನಿತನದಾಗ ಕಾಲೇಜಿನ ಮೆಟ್ಟಲಾ ಹತ್ತಿದಾಕಿ ಆಕೀನ ಮೊದಲು. ಆಕಿ ತಾಯಿ ಬುರ್ಖಾದಾಗಿಂದ ಕೈ ಹೊರಗ ಹಾಕಿ ನನ್ನ ಗೌನು ಮುಟ್ಟಿ ನೋಡಿ, "ತೋಳಿನ ಹೊಲಿಗಿ ಸಡ್ಲ ಆಗೈತಿ ಆಪಾ, ಸೂಜಿ ಕೊಡ್ರಿ" ಅಂತ ಅಲ್ಲೇ ಕುಂತು ಹೊಲದು ಕೊಟ್ಲು. ನನಗ ನಾಚಿಕಿ ಆತು.

ಡ್ರೈವರ್ ಮಗಳ ಫೋಟೋ ಟೆಂಪೋದ ಗಾಜಿಗೆ ಹಚ್ಚಿದ್ರು. ಮುಂದಿನ ತಿಂಗಳು ಕಿತ್ತೂರ ಹಾದ್ಯಾಗ ಪೊಲೀಸ್ರು ಕೈ ಮಾಡಿ ನಿಲ್ಲಿಸಿದ್ರಂತ. ಆ ಕಥಿ ಡ್ರೈವರ್ ಬಾಯಿಂದನ ಕೇಳೇನಿ.

"ಲೈಸನ್ಸ್ ಎಲ್ಲಿ?"

"ಸಾಹೇಬ್ರ, ಅಲ್ಲಾನ ದಯಾ, ಮಗಳು ಬಿ.ಕಾಂ. ಪಾಸಾಗ್ಯಾಳ."

"ನಾ ಕೇಳಿದ್ದು ಲೈಸನ್ಸು."

"ಅದು ಮನ್ಯಾಗ ಐತ್ರಿ. ಇದನ್ನ ನೋಡ್ರಿ ಮೊದಲ."

ಪೊಲೀಸ್ರು ಫೋಟೋ ನೋಡಿದ್ರಂತ. ಆಮ್ಯಾಲ ಕಿಸೇದಾಗಿನ ಪುಸ್ತಕ ತಗದು ಬರಕೊಂಡ್ರಂತ. ದಂಡ ಅಲ್ಲ, ನಮ್ಮ ಸ್ಟುಡಿಯೋ ಅಡ್ರೆಸ್ಸು. ಆ ಪೊಲೀಸ್ರ ಮಗನೂ ಕಾಲೇಜಿನ ಕಡೀ ವರ್ಷದಾಗ ಇದ್ದ.

ಅತ್ತಿಯ ಆಯುಷ್ಯ

ಇದೆಲ್ಲಾ ನಡದಾಗ ನಮ್ಮ ಮನ್ಯಾಗ ನಮ್ಮತ್ತಿ ಸಾಯಾಕ ತಯಾರಾಗಿ ಕುಂತಿದ್ರು. "ಮೊಮ್ಮಗನ್ನ ಗೌನಿನ್ಯಾಗ ನೋಡಿ ಕಣ್ಣು ಮುಚ್ಚತೇನಿ" ಅಂತ ಊರಿಗೆಲ್ಲಾ ಹೇಳಿದ್ರು. ಮಾರ್ಚ್ ಪರೀಕ್ಷಾ ಆತು, ಇಂಗ್ಲಿಷ್ ಹೋತು. ಅಕ್ಟೋಬರ್ ಆತು, ಹೋತು. ಹಿಂಗ ಆರು ಸಲ. ಡಾಕ್ಟರ್ ಗುಳಿಗಿಗಿಂತ ಆ ಇಂಗ್ಲಿಷ್ ಪೇಪರ್ ಅವರನ್ನ ಛಲೋ ಇಟ್ಟಿತ್ತು.

ಒಂದ ದಿನ ಅತ್ತಿ ಖರೇನ ಅಳಾಕತ್ತಿದ್ರು. ನಮ್ಮ ಮನಿಯವರು ನನ್ನ ಬಾಜೂಕ ಕರದು, "ಒಂದ ಸಲ ತೊಡಸಿ ಬಿಡು. ಫೋಟೋ ಮುದುಕಿ ಕೈಯಾಗ ಅಷ್ಟ ಇರತೈತಿ. ಯಾರಿಗೆ ಗೊತ್ತಾಗತೈತಿ?" ಅಂದ್ರು.

ನನಗೂ ಆಶಾ ಇಲ್ಲಂತಲ್ಲ. ಗೌನು ಗೂಟಕ್ಕ ತೂಗಾಡತಿತ್ತು, ಮಗಾ ಮಗ್ಗಲದಾಗ ನಿಂತಿದ್ದ. ಎಷ್ಟ ಮಂದಿ ಮಕ್ಕಳಿಗೆ ಇದ ಕೈಲೆ ಪಿನ್ನು ಚುಚ್ಚಿದ್ದೆ, ನನ್ನ ಹೊಟ್ಯಾಗ ಹುಟ್ಟಿದ್ದಕ್ಕ ಇಲ್ಲ. ಆದ್ರೂ ಒಲ್ಲೆ ಅಂದೆ. ಮಗಾನ ಅಂದ, "ಬ್ಯಾಡಪ್ಪಾ. ನಾ ಪಾಸಾಗಿ ತೊಡತೇನಿ."

ಅತ್ತಿ ಕಣ್ಣೀರು ಒರಸಿಕೊಂಡು ಕೇಳಿದ್ರು. "ಮುಂದಿನ ಪರೀಕ್ಷಾ ಯಾವಾಗ?"

"ಮಾರ್ಚಿಗೆ, ಆಯಿ."

"ಹಂಗಾರ ಈ ಸಲ ಚಳಿಗೆ ನನಗೊಂದು ರಗ್ಗು ತರ್ರಿ."

ಏಳನೇ ಸಲ

ಏಳನೇ ಸಲ ಪಾಸಾದ. ಮೂವತ್ತೈದು, ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ. ಸ್ಟುಡಿಯೋಕ್ಕ ಓಡಿ ಬಂದು ಗೌನಿಗೆ ಕೈ ಹಾಕಿದ. "ಮಾರ್ಕ್ಸ್ ಕಾರ್ಡ್ ತೋರಸು" ಅಂದೆ.

"ಯವ್ವಾ, ನಾ ನಿನ್ನ ಮಗಾ ಬೇ!"

"ಅದಕ್ಕ ಎರಡು ಸಲ ನೋಡತೇನಿ."

ಎರಡು ಸಲ ನೋಡಿದೆ. ಮೂರನೇ ಸಲ ನೋಡಾಕ ಕಣ್ಣು ಮಂಜಾತು. ಗೌನು ತೊಡಸಿ ಪಿನ್ನು ಚುಚ್ಚುವಾಗ ಅವನ ಬೆನ್ನಿಗೆ ಎರಡು ಸಲ ಚುಚ್ಚಿದೆ. ನಮ್ಮ ಮನಿಯವರು ಕ್ಯಾಮರಾದ ಹಿಂದ ನಿಂತು, "ಯಾಕೋ ಫೋಕಸ್ ಆಗವಲ್ದು" ಅಂತ ನಾಕು ಸಲ ಕನ್ನಡಕ ಒರಸಿದ್ರು. ನನಗ ಆವತ್ತು ಆದಷ್ಟು ಸಂತೋಷ ನನ್ನ ಲಗ್ನದ ದಿನಾನೂ ಆಗಿದ್ದಿಲ್ಲ.

ಫೋಟೋ ಅತ್ತಿ ಕೈಯಾಗ ಕೊಟ್ವಿ. ಉಸಿರು ಹಿಡಕೊಂಡು ನಿಂತ್ವಿ. ಅವರು ಹೊಳ್ಳಿಸಿ ಮಳ್ಳಿಸಿ ನೋಡಿ, "ಟೊಪಗಿ ಸೊಟ್ಟ ಆಗೈತಿ, ಇನ್ನೊಮ್ಮೆ ಹೊಡೀರಿ" ಅಂದ್ರು. ಸಾಯೂ ಮಾತು ಮತ್ತ ಎತ್ತಲಿಲ್ಲ.

ನಾಕು ಹುಡುಗರು

ಅಷ್ಟೊತ್ತಿಗೆ ಎರಡು ಸಾವಿರದ ಇಸ್ವಿ ದಾಟಿತ್ತು. ಮಗಾ ಅಪ್ಪನ ಜೋಡಿ ಲಗ್ನದ ವಿಡಿಯೋ ಹೊಡೀತಿದ್ದ. ರಾಮದುರ್ಗದಾಗ ಒಬ್ಬ ಬಟ್ಟಿ-ಅರಬಿ ವ್ಯಾಪಾರಿ, ಅವರ ಮಗಳನ್ನ ಕೇಳಿದ್ವಿ. ಆಕೀನೂ ಬಿ.ಎ. ಮಗನ ಗೌನಿನ ಫೋಟೋ ಹೆಮ್ಮಿಲೆ ಕಳಿಸಿಕೊಟ್ಟೆ.

ಎಂಟು ದಿನಕ್ಕ ಹುಡುಗಿ ತಂದಿ ಒಬ್ಬರ ಸೀದಾ ಸ್ಟುಡಿಯೋಕ್ಕ ಬಂದ್ರು. ಚಾ ಬ್ಯಾಡಂದ್ರು. ಚೀಲದಾಗಿಂದ ನಾಕು ಫೋಟೋ ತಗದು ಟೇಬಲ್ ಮ್ಯಾಲ ಸಾಲಾಗಿ ಇಟ್ರು.

"ನೋಡ್ರಿ ಅಕ್ಕಾರ. ನಮ್ಮ ಮಗಳಿಗೆ ಬಂದ ಸಂಬಂಧ ಇವು. ಇಂವ ಕಿತ್ತೂರಾಂವ, ಇಂವ ದೇಗಾಂವದಾಂವ, ಇಂವ ಸವದತ್ತಿಯಾಂವ, ಇಂವ ನಿಮ್ಮ ಮಗಾ. ನಾಕೂ ಹುಡುಗರ ಎಡಗೈ ತೋಳಿಗೆ ಒಂದ ಥರದ ತ್ಯಾಪಿ ಐತಿ."

ಬಗ್ಗಿ ನೋಡಿದೆ. ಖರೇ. ಒಮ್ಮೆ ಇಸ್ತ್ರಿ ಹೊಡಿಯುವಾಗ ಸುಟ್ಟು ನಾನ ಹಚ್ಚಿದ ತ್ಯಾಪಿ. ಇಷ್ಟ ವರ್ಷದಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅರಬಿ ವ್ಯಾಪಾರಿ ಕಣ್ಣಿಗೆ ಬಿತ್ತು.

"ಈ ಗೌನು ಯಾರದು?"

"ನಮ್ಮದ ರೀ! ನಾನ ಹೊಲದೇನಿ" ಅಂದೆ ಎದಿ ಉಬ್ಬಿಸಿ.

ಅವರು ಸಾವಕಾಶ ಗೋಣು ಹಾಕಿದ್ರು. "ಹಂಗಂದ್ರ ಆ ಮೂವರು ನಿಮಗ ಕಾರ್ಡ್ ತೋರಿಸಿ ತೊಟ್ಟೋರು. ನಿಮ್ಮ ಕಾಯ್ದೆ ನಾನೂ ಕೇಳೇನಿ. ಆದ್ರ ನಿಮ್ಮ ಮಗಗ ಗೌನು ಮನ್ಯಾಗ ಐತಿ, ಯಾವಾಗ ಬೇಕಾದ್ರೂ ತೊಡಬಹುದು. ಸಂಶೆ ಬಂದ್ರ ಇವನ ಮ್ಯಾಲನ ಬರಬೇಕಲ್ರಿ?"

ಮೈಯೆಲ್ಲಾ ಉರೀತು ನನಗ. ಮೂರು ವರ್ಷ ಮುದುಕಿ ಅತ್ರೂ ಮುಟ್ಟಗೊಡದಿದ್ದಕ್ಕ ಇದ ಫಲಾ! ಪಾಸಾದ ಕಾರ್ಡ್ ತಂದು ಮುಂದ ಇಟ್ಟೆ. ಅವರು ಅರಬಿ ನೋಡಿದಂಗ ಅದನ್ನ ಬೆಳಕಿಗೆ ಹಿಡದ್ರು.

"ಇದು ಒಂದ ಐತಿ. ಗೌನು ಹೊಲಿಯೋರಿಗೆ ಒಂದು ಕಾರ್ಡ್ ಮಾಡಸೂದು ಏನ ದೊಡ್ಡದ್ರಿ?"

ನಮ್ಮ ಮನಿಯವರು ಸಿಟ್ಟಿಲೆ ಎದ್ರು. ಅವರನ್ನ ಕುಂಡ್ರಿಸಿ ನಾ ಹಿತ್ತಲ ಮನಿಗೆ ಹೋದೆ. ಟ್ರಂಕಿನ ತಳದಾಗ, ಸೀರಿ ಕೆಳಗ, ಒಡಹುಟ್ಟಿದೋರಿಗೂ ತೋರಸದ ಮುಚ್ಚಿಟ್ಟಿದ್ದ ಆರು ಕಾರ್ಡ್ ತಂದು ಟೇಬಲ್ ಮ್ಯಾಲ ಹಾಕಿದೆ. ಮಗಾ ಒಳಗಿಂದ ಓಡಿ ಬಂದ. "ಯವ್ವಾ, ಅವು ಬ್ಯಾಡ ಬೇ!"

ಬೀಗರು ಆಗೋರು ಕನ್ನಡಕ ಏರಿಸಿ ಒಂದೊಂದ ಓದಾಕತ್ತಿದ್ರು. "ಇಂಗ್ಲಿಷ್ ಇಪ್ಪತ್ತೊಂದು, ನಪಾಸ. ಇಂಗ್ಲಿಷ್ ಇಪ್ಪತ್ತಾರು, ನಪಾಸ. ಇಂಗ್ಲಿಷ್ ಹತ್ತೊಂಬತ್ತು..." ಅಲ್ಲಿಗೆ ನಿಲ್ಲಿಸಿದ್ರು. "ಇದ್ಯಾಕ್ರಿ ಇಳೀತು?"

"ಆ ಸಲ ಟೂಷನ್ ಹಚ್ಚಿದ್ವಿರಿ" ಅಂದ್ರು ನಮ್ಮ ಮನಿಯವರು.

"ಇಪ್ಪತ್ತೆಂಟು. ಮೂವತ್ತೊಂದು. ಮೂವತ್ನಾಕು." ಮೂವತ್ನಾಕನ್ನ ಎರಡು ಸಲ ಓದಿದ್ರು. "ಛೇ ಛೇ, ಒಂದ ಮಾರ್ಕ್ಸ್" ಅಂತ ಖರೇನ ಮರುಗಿದ್ರು. ಆಮ್ಯಾಲ ಪಾಸಾದ ಕಾರ್ಡ್ ಮತ್ತ ಕೈಯಾಗ ತಗೊಂಡು ಮಗನ ಮಾರಿ ನೋಡಿದ್ರು.

"ಆರು ಸಲ ನಪಾಸಾದ ಕಾರ್ಡ್ ಯಾವ ಮಳ್ಳನೂ ಕಳ್ಳತನಲೆ ಮಾಡಸಂಗಿಲ್ಲ. ಮನ್ಯಾಗ ಗೌನು ಇಟಗೊಂಡು ಮೂವತ್ನಾಕಕ್ಕೂ ತೊಡಲಿಲ್ಲಲ್ಲೋ ತಮ್ಮಾ! ಅಕ್ಕಾರ, ಚಾ ತರಸ್ರಿ."

ನಿಶ್ಚೆ ಆತು. ನಿಶ್ಚೆದ ದಿನ ಬೀಗರು ನಮ್ಮ ಕಡಿಂದ ಗೌನಿನ ಫೋಟೋ ಕೇಳಲಿಲ್ಲ, ಆ ಆರು ಕಾರ್ಡ್ ಕೇಳಿ ಇಸಗೊಂಡ್ರು. ತುಂಬಿದ ಮಂದ್ಯಾಗ ತಮ್ಮ ಅಣ್ಣತಮ್ಮರಿಗೆ ಒಂದೊಂದ ಕೊಟ್ಟು ತೋರಿಸಿದ್ರು. ನನ್ನ ಮಗಾ ಚಾಪಿ ನೋಡಕೋತ ಕುಂತಿದ್ದ. ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ನಗಾಕತ್ತಿದ್ಲು. ಬೀಗರ ಹಿರೇ ಅಣ್ಣ ಆರೂ ಕಾರ್ಡ್ ಮನಸಿಟ್ಟು ಓದಿ ಮುಗಿಸಿ, ನನ್ನ ಕಡೆ ಹೊಳ್ಳಿ ಭಾಳ ಗೌರವಲೆ ಕೇಳಿದ್ರು.

"ಹುಡುಗ ಲಾಖಕ್ಕ ಒಬ್ಬಾಂವ ಅದಾನ್ರಿ. ಇಂಥಾ ಕಾರ್ಡ್ ಇನ್ನೂ ಅದಾವೇನ್ರಿ?"